ಮಚ್ಚಿನ ಗುಣ

ಗುಂಡ್ಲುಪೇಟೆ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ ಹೊರಗೆ ನನ್ನ ಪಕ್ಕದಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಬಲಗಾಲಿಗೆ ಪಟ್ಟಿ ಕಟ್ಟಿತ್ತು. ಅವರಾಚೆ ಮೊಮ್ಮಗಳು, ನಾಳಿನ ಫಿಲಾಸಫಿ ಪರೀಕ್ಷೆಗೆ ಓದುತ್ತಿದ್ದಳು.

“ಜೋರಾಗಿ ಓದಮ್ಮಿ, ನಾನೂ ಕೇಳ್ತೀನಿ.”

“ಗುಣ ಅಂದ್ರೇನು ಅಂತ ತಾತ. ಹಳೇ ಕಾಲದ ಗ್ರೀಕರ ಪ್ರಕಾರ, ಯಾವ್ದು ಯಾತಕ್ಕೆ ಇದ್ಯೋ ಅದನ್ನ ಚೆನ್ನಾಗಿ ಮಾಡೋದೇ ಅದರ ಗುಣ. ಮಚ್ಚು ಕಡೀಬೇಕು, ಕುದುರೆ ಓಡ್ಬೇಕು.”

“ಫಾರೆಸ್ಟ್ ವಾಚರ್ ನಡೀಬೇಕು ಅನ್ನು. ಬಂಡೀಪುರದ ಕಾಡ್ನೆಲ್ಲ ಮೂವತ್ತು ವರ್ಸ ಸುತ್ತಿದ ಕಾಲು ಕಣಮ್ಮಿ ಇದು. ಈಗ ಬಚ್ಚಲಿಗೂ ಓಗಕ್ಕಾಯ್ತಿಲ್ಲ. ನನ್ ಗುಣ ಮುಗೀತು ಬುಡು.”

ಹುಡುಗಿ ಬೇಗ ಬೇಗ ಪುಟ ತಿರುಗಿಸಿದಳು.

“ಚೀನಾದೋರು ಹಂಗನ್ನಲ್ಲ ತಾತ. ಒಬ್ಬರೇ ಇದ್ರೆ ಗುಣ ಅನ್ನೋದೇ ಇಲ್ವಂತೆ. ಗುಣಕ್ಕಿರೋ ಅವರ ಅಕ್ಷರ ಬರೆಯೋವಾಗ ‘ಮನುಷ್ಯ’ ಅಂತ ಬರೆದು ಪಕ್ಕದಲ್ಲಿ ‘ಎರಡು’ ಅಂತ ಬರೀತಾರೆ.”

“ಎರಡು ಯಾಕಮ್ಮಿ?”

“ಇಬ್ರು ಇರಬೇಕು, ಅದಕ್ಕೆ. ತಾತ, ಮೊಮ್ಮಗಳು, ಹಿಂಗೆ.”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, “ಗುರುಪಾದಸ್ವಾಮಿ!” ಎಂದು ಕೂಗಿದರು.

ಮೊಮ್ಮಗಳು ಪುಸ್ತಕ ಮಡಚಿ ಹೆಗಲು ಕೊಟ್ಟಳು. ಅವರು ಕುಂಟುತ್ತ ಬಾಗಿಲು ಮುಟ್ಟಿದರು.

“ಹೆಂಗದೆ ತಾತ? ಗುಣ ಆಯ್ತಾ ಇದ್ಯಾ?” ನರ್ಸ್ ಕಾಲು ನೋಡುತ್ತ ಕೇಳಿದರು.

“ಆಯ್ತದೆ ಕಣವ್ವ,” ಎನ್ನುತ್ತ ಅವರು ಒಳಗೆ ಹೋದರು. “ಇಬ್ರಿದ್ದೀವಲ್ಲ.”