ಕೌದಿ ಹೊದ್ದ ಬಳ್ಳಿ

...ಇಲ್ಲಂದ್ರ ಇಲ್ಲ, ಇಳಾ, ಎಷ್ಟ್ ಸಲ ಕೇಳ್ತಿ? ಇಂಥಾ ಗಾಳ್ಯಾಗ ಒಬ್ಬಾಕಿನ್ನ ಸೈಕಲ್ ಮ್ಯಾಲ ಸಾಲಿಗೆ ನಾ ಬಿಡಂಗಿಲ್ಲ. ಏನಂದಿ? ನಿಮ್ಮವ್ವ ಹೂಂ ಅಂದಾಳಾ? ಅಂತಾಳ, ಆಕಿಗೇನು! ನಾ ವಿಜಯಪುರದಿಂದ ಇಲ್ಲಿತನಕ ಬರೂದು ನಿನ್ನ ನೆಗಡಿ ನೋಡಾಕಲ್ಲ. 'ಬಟ್ ಅಜ್ಜಿ, ಎಲ್ಲಾರೂ ಅಲೋನ್ ಹೋಗ್ತಾರೆ' ಅಂತ ಮಾರಿ ಉಬ್ಬಿಸಬ್ಯಾಡ. ಬಾ, ಇಲ್ಲಿ ಬಳ್ಳಿ ಕೆಳಗ ಕೂಡು. ಈ ಬಳ್ಳಿ ಐತಲ್ಲ, ಇದೂ ನೀನೂ ಒಂದ ವಾರಗಿ, ಒಂದ ವಯಸ್ಸು, ಗೊತ್ತೈತೇನು? ಇದರ ಮೊದಲನೇ ಚಳಿಗಾಲದಾಗ ನಾ ಪಟ್ಟ ಪಾಡು ನನ್ನ ವೈರಿಗೂ ಬ್ಯಾಡ.

ನಿಮ್ಮವ್ವನ ಬಾಣಂತನಕ್ಕಂತ ಬಂದಿದ್ದೆ. ವೀಸಾ ಮೂರ ತಿಂಗಳದ್ದು. ಸಂಜಿ ನಾಕೂವರಿಗೆ ಕತ್ಲಿ! 'ಸುಜಾತಾ, ಈ ದೇಶದಾಗ ಸೂರ್ಯಗೂ ಪಾರ್ಟ್‌ಟೈಮ್ ಕೆಲಸೇನ?' ಅಂತ ನಿಮ್ಮವ್ವನ್ನ ಕೇಳಿದ್ದೆ. ನೀ ಹುಟ್ಟಿದ್ಮ್ಯಾಲ ಬಾಜು ಮನಿ ರೀಯಾ ನಿನ್ನ ನೋಡಾಕ ಬಂದ್ಳು, ಆಗಿಂದನೂ ಹಿಂಗ ಗಟ್ಟಿ ಮುದುಕಿ. ಬರಿಗೈಲೆ ಬರಲಿಲ್ಲ, ಕುಂಡದಾಗ ಒಂದು ದ್ರಾಕ್ಷಿ ಸಸಿ ತಂದಿದ್ಳು. ಸಸಿ ಅಂದ್ರ ಎಂಥಾ ಸಸಿ, ಬೆರಳಿನಷ್ಟು ದಪ್ಪ ಕಡ್ಡಿ, ಅದಕ್ಕ ಹಳದಿ ಬಿದ್ದ ನಾಕೈದು ಎಲಿ. 'ಇದು ಇಳಾನ ಬಳ್ಳಿ, ಆಕಿ ಜೋಡಿ ಬೆಳೀಲಿ' ಅಂದ್ಳು. ಅಂದದ್ದು ಡಚ್‌ನಾಗ, ನಿಮ್ಮವ್ವ ನನಗ ಬಿಡಿಸಿ ಹೇಳಿದ್ಳು. ಹೆಂಗ ನೋಡ್ಕೋಬೇಕಂತ ಆಕಿ ಹೇಳಾಕ ಹೋದ್ರ ನಾ ಕೇಳಿದ್ನೇನು? 'ನಮಗ ದ್ರಾಕ್ಷಿ ಕಲಸ್ತೀಯೇನವ್ವ! ನಮ್ಮಪ್ಪನ ತೋಟ ತಿಕೋಟಾ ಕಡೆ. ನಾ ಕಾಲಾಗ ಚಪ್ಪಲಿ ಹಾಕೂಕಿಂತ ಮೊದಲ ಬಳ್ಳಿ ಕತ್ತರಿಸೂ ಕತ್ರಿ ಹಿಡದಾಕಿ' ಅಂತ ಎದಿ ಉಬ್ಬಿಸಿ ಅಂದೆ.

ಅಂದಿದ್ದ ತಡ, ಆ ವಾರದಾಗ ಇದ್ದ ಎಲಿನೂ ಉದುರಿದ್ವು. ನಮ್ಮ ಕಡೆ ಆ ದಿನದಾಗ ಬಳ್ಳಿ ತುಂಬಿದ ಬಸುರಿ ಇದ್ದಂಗ ಇರ್ತೈತಿ, ಸಂಕ್ರಾಂತಿ ಅನ್ನೂದ್ರಾಗ ಗೊಂಚಲ ಜೋತಾಡ್ತಾವ. ಚಳಿಗಾಲದಾಗ ಬೋಳ ನಿಂತ ಬಳ್ಳಿ ಅಂದ್ರ ಸತ್ತ ಬಳ್ಳಿ, ಅಷ್ಟ ನನಗ ಗೊತ್ತು. ಕೂಸಿನ ಹೆಸರಲೆ ಕೊಟ್ಟದ್ದು, ಕೂಸಿಗೆ ಇನ್ನ ತಿಂಗಳ ತುಂಬಿಲ್ಲ, ಆಗಲೇ ಬಳ್ಳಿ ಒಣಗಿತಂದ್ರ? ಆ ಮಾತು ಬಾಯಾಗ ತರಾಕೂ ಅಂಜಿಕಿ. ನಿಮ್ಮವ್ವ ಹಸೀ ಬಾಣಂತಿ, ಆಕಿ ಮುಂದ ಹೆಂಗ ಹೇಳಲಿ? ಅದಕ್ಕ ಏನ್ ಮಾಡಿದೆ, ಬಳ್ಳಿಗೂ ಬಾಣಂತನ ಶುರು ಮಾಡಿದೆ! ನಗ್ತೀಯಾ? ನಗು ನಗು. ಕುಂಡ ಎತ್ತಿ ಒಳಗ ತಂದು ಹೀಟರ್ ಬಾಜು ಇಟ್ಟೆ. ನಿನಗಂತ ಎರಡು ಕೌದಿ ಹೊಲದು ತಂದಿದ್ದೆ, ನನ್ನ ಹಳೇ ಇಳಕಲ್ ಸೀರಿ, ನಿಮ್ಮಜ್ಜನ ಧೋತ್ರ ಎಲ್ಲಾ ಕೂಡಿಸಿ. ಒಂದು ನಿನಗ ಹೊಚ್ಚಿದೆ, ಒಂದು ಬಳ್ಳಿಗೆ ತಲಿಯಿಂದ ಕಾಲತನಕ ಸುತ್ತಿದೆ. ದಿನಾ ಉಗುರುಬೆಚ್ಚಗಿನ ನೀರು. ನಿಮ್ಮವ್ವಗ ಲೋಬಾನದ ಹೊಗಿ ಹಾಕುವಾಗ ಇದಕ್ಕೂ ಇಷ್ಟು. ಹೊಗಿ ಹಾಕಿದ್ರ ತಲಿ ಮ್ಯಾಲ ಛತ್ತಿಗೆ ಹಚ್ಚಿದ್ದ ಆ ಹಾಳಾದ ಹೊಗಿ ಗಂಟಿ ಕುಯ್ಯೋ ಅಂತ ಒದರಾಕತ್ತಿತು, ನಿಮ್ಮಪ್ಪ ಚಡ್ಡಿ ಮ್ಯಾಲ ಓಡಿ ಬಂದ... ಇರಲಿ, ಅದು ಬ್ಯಾರೆ ಕಥಿ.

ಎಲ್ಲಿದ್ದೆ? ಹಾಂ, ಸಂಕ್ರಾಂತಿ. ಹಬ್ಬದ ದಿನ ಕೌದಿ ಸರಿಸಿ ನೋಡ್ತೀನಿ, ಚಿಗರು! ಕುಣಿಯೂದೊಂದ ಬಾಕಿ. ರೀಯಾನ್ನ ಕರದು, ಕೈಯಾಗ ಎಳ್ಳು-ಬೆಲ್ಲ ಕೊಟ್ಟು, 'ನೋಡವ್ವ ನಮ್ಮ ಕೈಗುಣ' ಅಂದೆ. ಆಕಿ ನೋಡಿದ್ಳು, ಎಳ್ಳು ಅಗಿಯೂದ ನಿಲ್ಲಿಸಿದ್ಳು. 'ನೇ, ನೇ, ನೇ' ಅಂತ, ಅಂದ್ರ ಅಲ್ಲ ಅಲ್ಲ ಅಂತ, ತಲಿ ಅಲ್ಲಾಡಿಸಿದ್ಳು. ನಿಮ್ಮವ್ವ ನನ್ನ ಮಾರಿ ನೋಡಲಾರದ ಹೇಳಿದ್ಳು, 'ಅವ್ವಾ, ಅದು ಸತ್ತಿರಲಿಲ್ಲಂತ, ಮಲಗಿತ್ತಂತ. ಇಲ್ಲಿ ದ್ರಾಕ್ಷಿ ಚಳಿಗಾಲ ಮುಗಿಯೂತನಕ ಮಲಗಬೇಕಂತ. ನೀ ನಡು ನಿದ್ದ್ಯಾಗ ಎಬ್ಬಿಸಿದಿಯಂತ.' ಬೆಳಕಿಗೆ ಹಿಡದು ನೋಡಿದ್ರ ಖರೇನ, ಬಿಳಿಚಿದ ಚಿಗರು, ನೂಲಿನಂಗ ಸಣ್ಣ. ನಮ್ಮಪ್ಪ ಇದ್ದಿದ್ರ ಅದನ್ನ ಚಿಗರಂತನ ಅಂತಿದ್ದಿಲ್ಲ. ರೀಯಾ ಕೌದಿ ಬಿಚ್ಚಿದ್ಳು, ಮಡಚಿ ಬರೇ ಕುಂಡಕ್ಕ ಸುತ್ತಿದ್ಳು. ಬೇರು ಹೆಪ್ಪುಗಟ್ಟಬಾರದು ಅಷ್ಟ, ಕಡ್ಡಿಗೆ ಚಳಿ ಬೇಕು, ಹೊರಗಿನ ಶೆಡ್ಡಿನಾಗ ಇಡ್ರಿ ಅಂದ್ಳು. 'ಅಯ್ಯ ಶಿವನ! ಬಾಣಂತಿ ತಲಿ ಬಿಚ್ಚಿ ಕಾಲಿಗೆ ಸುತ್ತೂದು ಎಲ್ಲ್ಯಾರ ಐತೇನ?' ಅಂತ ಜಗಳಾನ ತಗದೆ. ಕಡೀಕ ನಾನ ಎತ್ತಿ ಇಟ್ಟೆ, ಅಳಕೋತ ಇಟ್ಟೆ. ಈಗ ನಿನ್ನ ಸೈಕಲ್ ನಿಂತೈತಲ್ಲ, ಅದ ಮೂಲ್ಯಾಗ. ಆ ಬಿಳೀ ಚಿಗರು ಕರ್ರಗಾಗಿ ಮುರುಟಿತು. ಅಷ್ಟೊತ್ತಿಗೆ ನನ್ನ ಮೂರ ತಿಂಗಳ ಮುಗೀತು. ಒಣಾ ಕಡ್ಡಿನ್ನ ಕಡೀಕೊಮ್ಮೆ ನೋಡಿ ವಿಮಾನ ಹತ್ತಿದೆ.

ಊರಿಗೆ ಹೋದ ಮ್ಯಾಲ ದಿನಾ ವಿಡಿಯೋ ಕಾಲ್. 'ಕೂಸು ಹೆಂಗೈತಿ?' ಅಂತ ಮೊದಲ ಕೇಳೂದು, ಆಮ್ಯಾಲ ಸಣ್ಣ ದನಿ ತಗದು, 'ಬಳ್ಳಿ?' 'ಹಂಗ ಐತವ್ವ.' ಮರದಿನಾನೂ 'ಹಂಗ ಐತವ್ವ.' ಕೇಳಾಕ ನಾಚಿಕಿ, ಕೇಳದ ಇದ್ರ ನಿದ್ದಿಲ್ಲ. ಬಸವ ಜಯಂತಿ ದಿನ ನೈವೇದ್ಯ ಮಾಡಿ ಇನ್ನೇನ ಉಣ್ಣಾಕ ಕೂತಿದ್ದೆ, ನಿಮ್ಮವ್ವನ ಫೋನ್. 'ಅವ್ವಾ, ನೋಡಿಲ್ಲಿ!' ಕರ್ರಗಾದ ಚಿಗರಿನ ಬಗಲಾಗ, ಅದ ಗಿಣ್ಣಿನಾಗ, ಗುಲಾಬಿ ಬಣ್ಣದ ಇನ್ನೊಂದು ಮೊಗ್ಗು. ಒಂದ ಗಿಣ್ಣಿನಾಗ ಒಂದು ಹೋದ್ರ ಇನ್ನೊಂದು ಇಟ್ಟಿರ್ತೈತಿ ಬಳ್ಳಿ, ಇದು ನನಗ ಗೊತ್ತಿದ್ದ ಮಾತ, ಅಂಜಿಕ್ಯಾಗ ಮರತಿದ್ದೆ. ಬಾಜೂಕ ನೀನು ಕೂಸಿನ ತಳ್ಳೂ ಗಾಡ್ಯಾಗ, ಟೊಪ್ಪಿಗಿ ಇಲ್ಲ, ಕುಲಾವಿ ಇಲ್ಲ, ಗಲ್ಲ ಕೆಂಪಗ ಮಾಡ್ಕೊಂಡು ಕೈಕಾಲು ಬಡ್ಯಾಕತ್ತಿದ್ದಿ. ಎಷ್ಟ ಸಂತೋಷಾತಂದ್ರ ಉಣ್ಣೂದ ಬಿಟ್ಟು ಓಣಿಗೆಲ್ಲಾ ಸಕ್ರಿ ಹಂಚಿ ಬಂದೆ. ಈಗ ನೋಡು, ಶೆಡ್ಡಿನ ಮ್ಯಾಲೆಲ್ಲಾ ಹಬ್ಬೈತಿ, ಹೋದ ವಾರ ನೀ ಹರಕೊಂಡು ತಿಂದ ಹಣ್ಣು ಇದರದ್ದ.

ಏನು? ಯಾಕ ಹಂಗ ನೋಡ್ತಿ? ಯವ್ವಾ, ನಗ್ತಾಳ ನೋಡು ಕಳ್ಳಿ! ನನ್ನ ಕಥಿ ನನಗ ತಿರುಗಿ ಬಂತಂತೀಯೇನು? ಥೂ, ನಾನರೆ ಎಲ್ಲಿಂದ ಶುರು ಮಾಡಿ ಎಲ್ಲಿಗೆ ಬಂದೆ... ಹೂಂ, ಹೋಗು. ಹೋಗಂದೆ, ಸೈಕಲ್ ತಗಿ. ಟೊಪ್ಪಿಗಿ ಬ್ಯಾಡಂದ್ರ ಬಿಡು. ಆದ್ರ ಉಣ್ಣಿ ಸಾಕ್ಸ್ ಹಾಕ್ಕೋ, ಬಿಸಿ ರೊಟ್ಟಿ ಒಂದು ತಿಂದು ಹೋಗು. ಬೇರು ಬೆಚ್ಚಗಿದ್ರ ಸಾಕು ಮಗಳ, ತುದಿಗೆ ಗಾಳಿ ಬಡೀಲಿ.