ಬೀರೇಶ್ವರನ ಹೆಸರಿಗೆ ಬಿಡಲಾಗದ ಇಲಿಗಳು

ಗಿರಮಲ್ಲಪ್ಪನವರೇ, ಸಾತವ್ವನವರೇ, ಗಲಗಲಿಯಿಂದ ಬಂದಿರುವ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ನಮ್ಮ ಕೇಂದ್ರದಿಂದ ಸಂಶೋಧನೆಗೆ ಇಲಿಗಳನ್ನು ತರಿಸಿಕೊಳ್ಳುವ ಕಾಲೇಜುಗಳ ಮಿತ್ರರೂ ಜಮಖಂಡಿಯ ಈ ಬಿಸಿಲಿನಲ್ಲಿ ಬಂದು ಕೂತಿದ್ದೀರಿ. ನಿಮಗೂ ನಮಸ್ಕಾರ.

ಡಾ. ದುಂಡೇಶ ನಮ್ಮ ಪಶುವೈದ್ಯರು. ರಕ್ತದ ಕ್ಯಾನ್ಸರಿನಿಂದ ಹೋದರು, ಹೋಗಿ ಒಂದು ವಾರವಾಯಿತು. ಅವರ ತಾಯಿ ಸಾತವ್ವನವರು ಈ ಕೇಂದ್ರದ ಮುಖ್ಯಸ್ಥೆಯಾದ ನನ್ನಲ್ಲಿ ಒಂದು ಬೇಡಿಕೆ ಇಟ್ಟಿದ್ದಾರೆ — ಮಗನ ಇಲಿಗಳನ್ನು ಉಳಿಸಿಕೊಡಿ ಎಂದು. ನಾನು ಇವತ್ತು ಆಡುವುದೆಲ್ಲ ಆ ಒಂದು ಮಾತಿನ ಬಗ್ಗೆಯೇ.

ಊರಿನವರಿಗೆ ಮೊದಲು ಇದನ್ನು ಹೇಳಬೇಕು. ನಮ್ಮಲ್ಲಿರುವುದು ಹೊಲದ ಇಲಿಗಳಲ್ಲ. ರೋಗ ತಡೆಯುವ ಶಕ್ತಿಯೇ ಇಲ್ಲದಂತೆ ಹುಟ್ಟಿಸಿದ ಇಲಿಗಳು. ಅದಕ್ಕೇ ಮನುಷ್ಯನ ರಕ್ತದ ಜೀವಕೋಶಗಳನ್ನು ಅವುಗಳ ಮೈಗೆ ಸೇರಿಸಿದರೆ, ಇದು ಪರರದು ಎಂದು ಅವು ತಳ್ಳುವುದಿಲ್ಲ. ರೋಗಿಯ ಕಾಯಿಲೆ ಇಲಿಯಲ್ಲಿ ಬೆಳೆಯುತ್ತದೆ. ಔಷಧವನ್ನು ಮೊದಲು ಇಲಿಗೆ ಕೊಟ್ಟು ನೋಡುತ್ತೇವೆ. ಇಂಥ ಇಲಿಗಳನ್ನು ಪ್ರತಿ ಕಾಲೇಜೂ ಸಾಕಲಾರದು. ಎಲ್ಲರಿಗೂ ಸೇರಿ ಒಂದು ಕಡೆ ಇರಲಿ ಎಂದು ಈ ಇಲಿಮನೆ ಆಯಿತು.

ಅವರ ತಂದೆ ಗಿರಮಲ್ಲಪ್ಪನವರು ಮೊದಲ ಸಲ ಇದನ್ನು ನೋಡಲು ಬಂದಾಗ ಗಾಜಿನ ಆಚೆ ನಿಂತು ಮಗನಿಗೆ ಅಂದರಂತೆ, “ಕುರಿ ಕಾಯೂದು ಬಿಟ್ಟು ಇಲಿ ಕಾಯಾಕ ಇಷ್ಟ ಓದಿದೇನ್ಲೇ?” ಇದನ್ನು ದುಂಡೇಶರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಕುರಿಯಾದರೆ ಮಳೆಗೆ ನೆನೆದರೂ ಬದುಕುತ್ತದೆ, ಇವಕ್ಕೆ ಯಾರೋ ಒಬ್ಬರು ಸೀನಿದರೂ ಸಾಕು ಎನ್ನುತ್ತಿದ್ದರು. ನನಗೆ ನೆಗಡಿ ಬಂದ ದಿನ ಬಾಗಿಲಲ್ಲೇ ಕೈ ಅಡ್ಡ ಹಿಡಿದು ನಿಂತಿದ್ದರು — ಹೀಗೆ. ಮುಖ್ಯಸ್ಥೆ ನಾನು. ಒಳಗೆ ಬಿಡಲಿಲ್ಲ.

ಅವರಿಗೇ ಕಾಯಿಲೆ ಬಂತು. ಅವರ ಜೀವಕೋಶಗಳನ್ನೂ ಇಲಿಗಳಲ್ಲಿ ಬೆಳೆಸಿದೆವು. ನಮ್ಮ ಕೈಗೆಟುಕಿದ ಔಷಧಗಳನ್ನೆಲ್ಲ ಕೊಟ್ಟೆವು. ಯಾವುದೂ ನಾಟಲಿಲ್ಲ. ಈ ಸುದ್ದಿಯನ್ನು ಅವರಿಗೆ ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಆದರೆ ಪಂಜರಗಳನ್ನು ನೋಡಿಕೊಳ್ಳುವವರೇ ಅವರಲ್ಲವೇ? ಬೆನ್ನು ಬಾಗಿಸಿ, ಮೈಕೂದಲು ನಿಮಿರಿ, ಮೂಲೆ ಹಿಡಿದ ಇಲಿಗಳನ್ನು ನನಗಿಂತ ಮೊದಲು ಅವರೇ ಕಂಡಿದ್ದರು. ಕೈಗವಸು ಬಿಚ್ಚುತ್ತ ಹೇಳಿದರು, “ಮೇಡಂ, ನಂದು ಆತು ತಿಳೀರಿ.”

ಕೊನೆಯ ದಿನಗಳಲ್ಲಿ ಗಲಗಲಿಯ ಅವರ ಮನೆಗೆ ಹೋಗಿದ್ದೆ. ಸಾತವ್ವನವರು ಮಗನ ಮಂಚದ ಪಕ್ಕ ಕೂತಿದ್ದರು.

“ನಿನ್ನ ರಕ್ತ ಆ ಇಲಿಯಾಗ ಐತಿ ಅಂತಾರ. ಖರೆ ಏನೋ?”

“ಖರೆ ಬೇ.”

“ಹಂಗಾರ ಅವನ್ನ ಬೀರಪ್ಪನ ಹೆಸರಲೆ ಬಿಡ್ರಿ.”

ನಿಮ್ಮಲ್ಲಿ ಹಲವರಿಗೆ ಗೊತ್ತು. ಮನೆಯ ಮನುಷ್ಯನ ಜೀವಕ್ಕೆ ಬಂದಾಗ ಕುರಿಹಿಂಡಿನ ಒಂದು ಮರಿಯನ್ನು ಮನೆದೇವರು ಬೀರೇಶ್ವರನ ಹೆಸರಿಗೆ ಬಿಡುತ್ತಾರೆ. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಅದು ತನ್ನ ಆಯುಷ್ಯ ತಾನು ಬದುಕಬೇಕು.

ದುಂಡೇಶ ಮೆಲ್ಲಗೆ ಹೇಳಿದರು, “ಹೊರಗ ಬಿಟ್ರ ಅವು ಉಳಿಯೂದಿಲ್ಲವ್ವಾ.”

“ಹೊರಗ ಬ್ಯಾಡ. ಒಳಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ, ಅಷ್ಟ.”

ದುಂಡೇಶ ಗೋಡೆಯ ಕಡೆ ಹೊರಳಿದರು.

ಮಣ್ಣು ಮಾಡಿ ಬಂದ ಮೇಲೆ ಸಾತವ್ವನವರು ಅದನ್ನೇ ನನ್ನಲ್ಲಿ ಕೇಳಿದರು. ಬೇರೆ ಬಿಳಿ ಇಲಿಗಳನ್ನು ಒಂದು ಪಂಜರದಲ್ಲಿಟ್ಟು ತೋರಿಸಿದರಾಯಿತು, ಅವರಿಗೆ ಹೇಗೆ ಗೊತ್ತಾಗುತ್ತದೆ ಎಂದು ನಮ್ಮವರೊಬ್ಬರು ಸೂಚಿಸಿದರು. ದುರುದ್ದೇಶದಿಂದಲ್ಲ, ಮರುಕದಿಂದ. ನಾನು ಅದನ್ನು ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ.

ನಿನ್ನೆ ದುಂಡೇಶರ ಇಲಿಗಳ ಮುಂದೆ ಹೋಗಿ ನಿಂತೆ. ಅವು ನರಳುತ್ತಿವೆ. ಅವುಗಳಲ್ಲಿ ಬದುಕಿರುವುದು ದುಂಡೇಶರಲ್ಲ — ದುಂಡೇಶರನ್ನು ಕೊಂದದ್ದು. ಅದೊಂದು ಮಾತ್ರ ಚೆನ್ನಾಗಿ ಬೆಳೆಯುತ್ತಿದೆ. ಇದನ್ನು ಹೆತ್ತ ತಾಯಿಗೆ ಹೇಳಲೇಬೇಕೆ? ಸತ್ಯ ಹೇಳಿದೆನೆಂಬ ಸಮಾಧಾನ ಯಾರಿಗೆ ಬೇಕು, ಅವರಿಗೋ, ನನಗೋ?

ಇಂದು ಬೆಳಿಗ್ಗೆ ಹೇಳಿದೆ. ಅವನ್ನು ಉಳಿಸಲಾರೆವು, ನರಳಾಟ ಮುಗಿಸಬೇಕು ಎಂದೂ ಹೇಳಿದೆ. ಸಾತವ್ವನವರು ಕೇಳಿದರು, “ಅದೂ ಅವನ ಮೈಯಾಗ ಹುಟ್ಟಿದ್ದ ಹೌದಲ್ರಿ, ಅಕ್ಕಾರ?”

ಹೌದು ಎಂದೆ.

ಇಂಥ ಸಭೆಗಳಲ್ಲಿ, ಹೋದವರ ಕೆಲಸದಿಂದ ನಾಳೆ ಯಾರೋ ಬದುಕುತ್ತಾರೆ ಎಂದು ಹೇಳುವುದು ರೂಢಿ. ನಾನು ಹೇಳಲಾರೆ. ಅವರ ಇಲಿಗಳಿಂದ ನಾವು ತಿಳಿದದ್ದು, ಯಾವ ಔಷಧವೂ ಕೆಲಸ ಮಾಡುವುದಿಲ್ಲ ಎಂಬುದು. ಅದು ಬೇರೆಯವರಿಗೆ ಉಪಯೋಗಕ್ಕೆ ಬಂದೀತೇ? ಬರಲಿ ಎಂದು ಬಯಸುವಷ್ಟು ಧೈರ್ಯವೂ ಇವತ್ತು ನನಗಿಲ್ಲ. ನನಗೆ ಗೊತ್ತಿರುವುದು, ಬಾಗಿಲಲ್ಲಿ ಕೈ ಅಡ್ಡ ಹಿಡಿಯುವವರು ಇನ್ನಿಲ್ಲ ಎಂಬುದಷ್ಟೇ.

ಸಾತವ್ವನವರು ಕೊನೆಗೆ ಹೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಿಬಿಡುತ್ತೇನೆ. “ಹಂಗಾರ ನಿಮ್ಮ ಕೈಲೇನ ಮುಗಸ್ರಿ. ಬ್ಯಾರೆಯವರ ಕೈಯಾಗ ಕೊಡಬ್ಯಾಡ್ರಿ. ನಾನೂ ಬಂದು ನಿಂದರ್ತೇನಿ.”

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ದುಂಡೇಶರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಮೌನ ಮುಗಿದ ಕೂಡಲೇ ಸಾತವ್ವನವರೂ ನಾನೂ ಇಲ್ಲಿಂದ ನೇರವಾಗಿ ಇಲಿಮನೆಗೆ ಹೋಗುತ್ತೇವೆ. ಆಗ ಯಾರೂ ನಮ್ಮನ್ನು ಮಾತಾಡಿಸಬೇಡಿ. ನಡುವೆ ಸ್ವಲ್ಪ ದಾರಿ ಬಿಡಿ.