ಸಿಪ್ಪೆ ಕಷಾಯದ ಆಯುಷ್ಯ

ಬಸ್ಸಿನಲ್ಲಿ ಕೂತಿದ್ದ ನಿವೃತ್ತ ವೆಲ್ಡರನಿಗೆ ಜೊಂಪು ಹತ್ತುವುದರಲ್ಲಿತ್ತು. ಮುಂದಿನ ಸೀಟಿನ ಅತ್ತಿಗೆ ನಾದಿನಿಯರ ಬಾಯಲ್ಲಿ ತುಕ್ಕಿನ ಮಾತು ಬಂತು. ನಲವತ್ತು ವರ್ಷ ಅದರೊಡನೆ ಗುದ್ದಾಡಿದವನ ಕಿವಿ ನೆಟ್ಟಗಾಯಿತು.

“ಜ್ಯೂಸ್ ಅಂಗಡಿ ಕಸದಿಂದ ಕಿತ್ತಳೆ ಸಿಪ್ಪೆ ಆಯ್ದು ಕುದಿಸಿದೋಳು ನೀನು. ಉಕ್ಕಿಗೆ ತುಕ್ಕು ಹಿಡೀದಂಗೆ ಮಾಡೋ ಕಷಾಯ ಕಂಡುಹಿಡಿದೋರು ಅನ್ನೋ ಹೆಸರು ಮಾತ್ರ ನಿಮ್ಮ ಲ್ಯಾಬಿನ ಸಾಹೇಬ್ರಿಗೆ.”

“ನನ್ನ ನೋಟ್‌ಬುಕ್ ಕಿತ್ಕೊಂಡು ಕೆಲಸದಿಂದ ತೆಗೆದ್ರಲ್ಲ ಅತ್ತಿಗೆ. ಇವತ್ತು ಎಲ್ಲರೆದುರು ಉಕ್ಕಿನ ತಗಡನ್ನ ಅದರಲ್ಲಿ ಅದ್ದಿ ತೋರಿಸ್ತಾರಂತೆ.”

“ಹೊಟ್ಟೆ ಉರಿಯಲ್ವೇನೆ?”

“ಉರೀತಿತ್ತು. ತಿಂಗಳ ಹಿಂದೆ ಮಾಡಿದ ಕಷಾಯ ಡ್ರಮ್ಮಲ್ಲಿ ತುಂಬಿಟ್ಟಿದಾರೆ ಅಂತ ಕೇಳಿ ತಣ್ಣಗಾಯ್ತು.”

“ಯಾಕೆ?”

“ಅದರ ಆಯುಷ್ಯ ನಾಲ್ಕೇ ದಿನ. ಆಮೇಲೆ ಹುಳಿ ಬಂದು ಉಕ್ಕನ್ನ ಅದೇ ತಿನ್ನುತ್ತೆ. ನಾನು ದಿನಾ ಹೊಸದು ಮಾಡ್ತಿದ್ದೆ, ಅದನ್ನ ಬರೆದಿಡಬೇಕು ಅನ್ನಿಸಿರಲಿಲ್ಲ.”

“ಒಂದು ಮಾತು ಹೇಳಬಾರದಿತ್ತೇನೆ?”

“ಹೇಳಕ್ಕೇ ಹೋಗಿದ್ದೆ. ‘ಸಿಪ್ಪೆ ಆಯೋಳು ನನಗೆ ಪಾಠ ಹೇಳ್ತಾಳೆ’ ಅಂತ ಗೇಟಿಂದಲೇ ಕಳಿಸಿದ್ರು.”

“ಮತ್ತೆ ಈ ಬಾಟಲಿ?”

“ಬೆಳಿಗ್ಗೆ ಕಾಯಿಸಿದ್ದು. ಅವರ ತಗಡು ಕೆಂಪಗಾಗಲಿ, ಆಮೇಲೆ ಎದ್ದು ನಿಲ್ತೀನಿ.”

ಸ್ಟಾಪ್ ಬಂತು, ಇಬ್ಬರೂ ಇಳಿದರು. ವೆಲ್ಡರನ ಮನೆ ಇನ್ನೂ ಮೂರು ಸ್ಟಾಪ್ ಆಚೆಗಿತ್ತು. ಅವನೂ ಇಳಿದ.